ಅಪ್ಪನ ಎಂಜಿಎ ಬಾನೆಟ್ ಕೆಳಗೆ ಅಂಬಾಸಿಡರ್: ಹಳೆಯ ಕಾರು ಇಟ್ಟುಕೊಂಡವರು ಓದಿ

ಇದನ್ನು ಬರೆಯಬೇಕೋ ಬೇಡವೋ ಎಂದು ಮೂರು ವಾರ ಯೋಚಿಸಿದೆ. ಬರೆದರೆ ನನ್ನ ದಡ್ಡತನಕ್ಕೆ ನಾನೇ ಡಂಗುರ ಸಾರಿದಂತೆ. ಆದರೆ ಮೊನ್ನೆ ಮೂಡಿಗೆರೆ ಕಡೆಯ ಪರಿಚಯದವರೊಬ್ಬರು ತಾತನ ಕಾಲದ ಫಿಯಟ್ ಅನ್ನು ನನ್ನ ಕಾರು ರಿಪೇರಿ ಮಾಡಿದ ಹಾಸನದ ಅದೇ ಗ್ಯಾರೇಜಿನವನಿಗೆ ಕೊಡಲು ಹೊರಟಿದ್ದಾರೆಂದು ಗೊತ್ತಾಯಿತು. ಇನ್ನು ಬಾಯಿ ಮುಚ್ಚಿಕೊಂಡಿರಲು ನನ್ನಿಂದ ಆಗುವುದಿಲ್ಲ. ಹೆಸರು ಹಾಕುತ್ತಿಲ್ಲ, ವಕೀಲರು ಬೇಡ ಎಂದಿದ್ದಾರೆ. ಹಾಸನ, ಸಕಲೇಶಪುರ, ಚಿಕ್ಕಮಗಳೂರು ಕಡೆ ಗೋಡೌನಿನಲ್ಲಿ ಹಳೆಯ ಇಂಗ್ಲಿಷ್ ಕಾರು ನಿಲ್ಲಿಸಿಕೊಂಡಿರುವವರು ಇಷ್ಟು ತಿಳಿದುಕೊಳ್ಳಿ: ಎಂಜಿನ್ ನಂಬರಿನ ತಗಡು ಸರಿಯಾಗಿದೆ ಎಂದ ಮಾತ್ರಕ್ಕೆ ಎಂಜಿನ್ ನಿಮ್ಮದಲ್ಲ. ನಂಬಬೇಡಿ.

ನಮ್ಮದು ಆಲ್ದೂರಿನ ಹತ್ತಿರ ಸಣ್ಣ ಕಾಫಿ ತೋಟ. ಅಪ್ಪನದು 1957ರ ಎಂಜಿಎ. ಎಂಜಿ ಎಂದೊಡನೆ ಈಗಿನವರು ಷೋರೂಮಿನ ಎಸ್‌ಯುವಿ ಎಂದುಕೊಳ್ಳುತ್ತಾರೆ, ಅದಲ್ಲ. ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ 1955ರಿಂದ 1962ರವರೆಗೆ ತಯಾರಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರು. ಬಾಗಿಲಿಗೆ ಹೊರಗಡೆ ಹಿಡಿಯೇ ಇಲ್ಲ. ಕೈ ಒಳಗೆ ಹಾಕಿ ಹುರಿ ಎಳೆದರೆ ತೆರೆದುಕೊಳ್ಳುತ್ತದೆ. ಕಾಲಿಡುವ ಜಾಗಕ್ಕೆ ಪ್ಲೈವುಡ್ ಹಲಗೆ. ಸೀಟಿನ ಹಿಂದೆ 6 ವೋಲ್ಟಿನ ಎರಡು ಬ್ಯಾಟರಿ. ಆ ಬ್ಯಾಟರಿಯ ಮುಚ್ಚಳದ ಮೇಲೆ ಕಂಬಳಿ ಮಡಿಸಿ ಹಾಕಿ ನನ್ನನ್ನು ಕೂರಿಸಿ, ಅಪ್ಪ ಅಮ್ಮ ಮುಂದೆ ಕುಳಿತು ಚಿಕ್ಕಮಗಳೂರಿನ ಸಂತೆಗೆ ಹೋಗುತ್ತಿದ್ದರು. ಸ್ವದೇಶಕ್ಕೆ ಹೊರಟಿದ್ದ ಇಂಗ್ಲಿಷ್ ಮ್ಯಾನೇಜರೊಬ್ಬರಿಂದ 1964ರಲ್ಲಿ ಅಪ್ಪ ಅದನ್ನು ಕೊಂಡಿದ್ದು. ನಾನು ಕಾಲೇಜಿಗೆ ಹೋಗುವ ಹೊತ್ತಿಗೆ ಅದು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಪಕ್ಕದ ಗೋಡೌನು ಸೇರಿತು, ಮೇಲೆ ಖಾಲಿ ಗೋಣಿಚೀಲಗಳ ರಾಶಿ. ಮಲೆನಾಡಿನ ಮಳೆಗೆ ಕಬ್ಬಿಣ ಉಳಿಯುತ್ತದೆಯೇ? ಮಡ್‌ಗಾರ್ಡ್ ತೂತು ಬಿದ್ದವು, ಹಲಗೆಯನ್ನು ಗೆದ್ದಲು ತಿಂದಿತು. ಆದರೆ ಎಂಜಿನ್ ಉಳಿದಿತ್ತು. ಇದನ್ನು ಗಮನಿಸಿ, ಮುಂದೆ ಬೇಕಾಗುತ್ತದೆ. ಅಪ್ಪ ಪ್ರತಿ ವರ್ಷ ಕೊಯ್ಲು ಮುಗಿದ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಸಿಲಿಂಡರಿಗೆ ಎಣ್ಣೆ ಬಿಟ್ಟು, ಮುಂದಿನಿಂದ ಹ್ಯಾಂಡಲ್ ಹಾಕಿ ಎಂಜಿನ್ ತಿರುಗಿಸುತ್ತಿದ್ದರು. ಕೊನೆಯ ಬಾರಿ ತಿರುಗಿಸಿದವಳು ನಾನು, ಅವರು ತೀರಿಕೊಳ್ಳುವ ಹಿಂದಿನ ವರ್ಷ.

2021ರಲ್ಲಿ ಕಾರನ್ನು ರಿಪೇರಿ ಮಾಡಿಸೋಣ ಎಂದುಕೊಂಡೆ. ನೆಂಟರ ಮದುವೆಯೊಂದರಲ್ಲಿ ಆ ಮನುಷ್ಯ ಸಿಕ್ಕ. ಮೊಬೈಲಿನಲ್ಲಿ ಹತ್ತಾರು ಕಾರುಗಳ ಚಿತ್ರ ತೋರಿಸಿದ. ಮಾತು ಬೆಣ್ಣೆ. ಕಾಗದ ಪತ್ರ ಏನೂ ಆಗಲಿಲ್ಲ, ಪಕ್ಕದ ಜಿಲ್ಲೆಯವನು, ನೆಂಟರಿಗೆ ಬೇಕಾದವನು, ಇವನ ಬಳಿ ಕರಾರು ಕೇಳುವುದು ಹೇಗೆ ಎಂಬ ದಾಕ್ಷಿಣ್ಯ. ದಾಕ್ಷಿಣ್ಯದ ಬೆಲೆ ಎಷ್ಟು ಗೊತ್ತೇ? 11 ಲಕ್ಷ 40 ಸಾವಿರ. ಪಾರ್ಚ್‌ಮೆಂಟ್ ಕಾಫಿ ಮಾರಿದಾಗ ಒಂದು ಕಂತು, ಚೆರಿ ಕಾಫಿ ಮಾರಿದಾಗ ಒಂದು ಕಂತು, ಮೆಣಸು ಮಾರಿದಾಗ ಇನ್ನೊಂದು. ಆರು ತಿಂಗಳು ಎಂದವನು ಎರಡು ದೀಪಾವಳಿ ಕಳೆಸಿದ. ಈ ಕೆಲಸದಲ್ಲಿ ಹೊತ್ತಿಗೆ ಸರಿಯಾಗಿ ಯಾರು ತಾನೇ ಕೊಡುತ್ತಾರೆ, ಅದರ ಬಗ್ಗೆ ನನ್ನ ತಕರಾರಿಲ್ಲ.

ಕಾರು ಬಂದ ದಿನ ಅತ್ತುಬಿಟ್ಟೆ. ಅದೇ ಹಾಲುಕೆನೆಯ ಬಣ್ಣ, ಅದೇ ಕೆಂಪು ಸೀಟು. ತೋಟದ ಕೆಲಸದವರಿಗೆಲ್ಲ ಲಾಡು ಹಂಚಿದೆ. ಈಗ ನೆನೆದರೆ ಆ ಲಾಡು ಗಂಟಲಲ್ಲಿ ಸಿಕ್ಕಿಕೊಂಡಂತಾಗುತ್ತದೆ.

ಓಡಿಸುವಾಗ ಎರಡು ವಿಷಯ ಕಾಡಿದವು. ಆರ್‌ಪಿಎಂ ಮೀಟರಿನ ಮುಳ್ಳು ಅಲ್ಲಾಡುತ್ತಿರಲಿಲ್ಲ. ಕೇಳಿದೆ. "ಕೇಬಲ್ ಇಂಗ್ಲೆಂಡಿನಿಂದ ಬರಬೇಕು ಮೇಡಂ, ಆರ್ಡರ್ ಹಾಕಿದ್ದೇನೆ." ಎಂಟು ತಿಂಗಳು ಇದೇ ಉತ್ತರ. ಇನ್ನೊಂದು, ಏರಿನಲ್ಲಿ ಎಳೆತವೇ ಇಲ್ಲ. ಕೈಮರದಿಂದ ಸೀತಾಳಯ್ಯನಗಿರಿ ಕಡೆಗೆ ಹತ್ತುವಾಗ ಎರಡನೇ ಗೇರಿನಲ್ಲಿ ಏದುಸಿರು ಬಿಡುತ್ತಿತ್ತು, ಹಿಂದಿನ ಟೂರಿಸ್ಟ್ ಗಾಡಿಗಳೆಲ್ಲ ಹಾರ್ನ್ ಹೊಡೆಯುತ್ತಿದ್ದವು. ಅದಕ್ಕೆ ಅವನ ಉತ್ತರ: "ಈಗಿನ ಪೆಟ್ರೋಲಿಗೆ ಎಥನಾಲ್ ಬೆರೆಸುತ್ತಾರೆ ಮೇಡಂ, ಹಳೆಯ ಗಾಡಿಗಳೆಲ್ಲ ಹೀಗೆಯೇ. ಸಾರ್‌ಗೆ ಫೋನ್ ಕೊಡಿ, ಅವರಿಗೆ ವಿವರಿಸುತ್ತೇನೆ." ನನ್ನ ಗಂಡನಿಗೆ ಕಾರಿನ ಟೈರು ಬದಲಾಯಿಸಲೂ ಬರುವುದಿಲ್ಲ. ತೋಟದ ಜೀಪಿನ ಪ್ಲಗ್ ತೆಗೆದು ಉಜ್ಜಿ ಹಾಕುವವಳು ನಾನು. ಆದರೂ ಮಾತು ಬೇಕಿದ್ದುದು ಸಾರ್ ಜೊತೆಗೇ.

ಹೋದ ವರ್ಷ ಹಣದ ಅಡಚಣೆ ಬಂತು, ಕಾರು ಮಾರುವುದೆಂದು ತೀರ್ಮಾನಿಸಿದೆವು. ಬೆಂಗಳೂರಿನಿಂದ ಹಿರಿಯರೊಬ್ಬರು ನೋಡಲು ಬಂದರು, ಜೊತೆಯಲ್ಲಿ ಒಬ್ಬ ಹುಡುಗ ಮೆಕ್ಯಾನಿಕ್. ಅಂದು ಮೈದುನ ಇದ್ದ, ತೋಟದ ಲೆಕ್ಕ ಬರೆಯುವ ನಮ್ಮ ರೈಟರು ಇದ್ದರು, ಕಣದಲ್ಲಿ ಕಾಫಿ ಎಳೆಯುತ್ತಿದ್ದ ಹೆಂಗಸರೆಲ್ಲ ನಿಂತು ನೋಡುತ್ತಿದ್ದರು. ಕಡುಬು, ಚಟ್ನಿ, ಕಾಫಿ ಎಲ್ಲ ಆಯಿತು. ಆಮೇಲೆ ನಾನು ಭಾಷಣ ಶುರು ಮಾಡಿದೆ. ಎಲ್ಲವೂ ಒರಿಜಿನಲ್, 1489 ಸಿಸಿ, ಅವಳಿ ಎಸ್‌ಯು ಕಾರ್ಬೊರೇಟರ್, ನಂಬರ್ ಕೂಡ ನೋಡಿಕೊಳ್ಳಿ ಎಂದು ಅಪ್ಪನ ತೋಟದ ಲೆಕ್ಕದ ಪುಸ್ತಕವನ್ನೇ ತಂದು ಬಿಡಿಸಿಟ್ಟೆ. ವಿಮೆಗಾಗಿ ಅಪ್ಪ ಅದರಲ್ಲಿ ಚಾಸಿ ನಂಬರ್, 15ಜಿ ಎಂದು ಆರಂಭವಾಗುವ ಎಂಜಿನ್ ನಂಬರ್ ಎರಡನ್ನೂ ಬರೆದಿಟ್ಟಿದ್ದರು. ತಗಡಿನ ಮೇಲಿದ್ದ ಅಂಕಿಯೂ ಪುಸ್ತಕದ ಅಂಕಿಯೂ ಒಂದೇ. ಎಷ್ಟು ಹೆಮ್ಮೆ ನನಗೆ!

ಹಿರಿಯರು ಜೇಬಿನಿಂದ ಬಟ್ಟೆ ಸುತ್ತಿದ ಪುಟ್ಟ ಅಯಸ್ಕಾಂತ ತೆಗೆದರು. ಬಾಗಿಲಿಗೆ ಹಿಡಿದರು, ಅಂಟಲಿಲ್ಲ. ಬಾನೆಟ್‌ಗೆ, ಅಂಟಲಿಲ್ಲ. ಮುಂದಿನ ಮಡ್‌ಗಾರ್ಡಿಗೆ, ಅಲ್ಲೂ ಅಂಟಲಿಲ್ಲ. "ಇದು ಅಲ್ಯೂಮಿನಿಯಂ ಬಾಡಿ" ಎಂದೆ, ಗ್ಯಾರೇಜಿನವನು ಹೇಳಿಕೊಟ್ಟ ಪಾಠ. ಅವರು ಮೆಲ್ಲಗೆ, "ಬಾಗಿಲು, ಬಾನೆಟ್, ಡಿಕ್ಕಿ ಮುಚ್ಚಳ ಅಲ್ಯೂಮಿನಿಯಂ ಅಮ್ಮ, ಮಡ್‌ಗಾರ್ಡ್ ಕಬ್ಬಿಣ" ಎಂದರು. ಅಂದರೆ ಅಲ್ಲಿ ಇದ್ದದ್ದು ಬೆರಳು ದಪ್ಪದ ಪುಟ್ಟಿ. ಅಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ.

ಹುಡುಗ ಬಾನೆಟ್ ಒಳಗೆ ಟಾರ್ಚ್ ಹಾಕಿ ಎಷ್ಟೋ ಹೊತ್ತು ಬಗ್ಗಿದ್ದ. ಆಮೇಲೆ ಹಿರಿಯರನ್ನು ಕರೆದು ಕಿವಿಯಲ್ಲಿ ಏನೋ ಹೇಳಿದ. ಅವರೂ ಬಗ್ಗಿದರು. ಯಾರೂ ಮಾತನಾಡಲಿಲ್ಲ. ನಾನೇ, "ಏನಾಯಿತು? ನಂಬರ್ ಸರಿ ಇದೆಯಲ್ಲ?" ಎಂದೆ.

"ನಂಬರ್ ಸರಿ ಇದೆ ಅಮ್ಮ. ರಿವೆಟ್ ಹೊಸದು."

ನನಗೆ ಅರ್ಥವಾಗಲಿಲ್ಲ. ಹುಡುಗ ತಡೆಯಲಾರದೆ ಹೇಳಿಯೇಬಿಟ್ಟ: "ಮೇಡಂ, ಇದು ಅಂಬಾಸಿಡರ್ ಎಂಜಿನ್."

ಕಣದಲ್ಲಿ ಯಾರೋ ನಕ್ಕರು. ನನಗೇ ನಕ್ಕರೋ, ಬೇರೆ ಏನಕ್ಕೋ, ಇವತ್ತಿಗೂ ಗೊತ್ತಿಲ್ಲ. ಕಿವಿ ಬಿಸಿಯಾಗಿಹೋಯಿತು. ಲೆಕ್ಕದ ಪುಸ್ತಕ ಕೈಯಲ್ಲೇ ಇತ್ತು, ಅದನ್ನು ಮುಚ್ಚಬೇಕೋ ಹಿಡಿದುಕೊಂಡಿರಬೇಕೋ ತಿಳಿಯದೆ ನಿಂತಿದ್ದೆ.

ಮೋಸ ಎಷ್ಟು ಸಲೀಸೆಂದು ಆಮೇಲೆ ತಿಳಿಯಿತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನಿಂದ ಹುಟ್ಟಿದ ನಮ್ಮ ಹಳೆಯ ಅಂಬಾಸಿಡರಿಗೂ ಎಂಜಿಎಗೂ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ (ಬಿಎಂಸಿ) ಕಂಪನಿಯ ಬಿ-ಸೀರೀಸ್ ಎಂಬ ಒಂದೇ ವಂಶದ ಎಂಜಿನ್. ಎರಡೂ 1489 ಸಿಸಿ. ಹೊರಗಿನಿಂದ ನೋಡಿದರೆ ಅಕ್ಕತಂಗಿಯರು. ಆದರೆ ಸ್ಪೋರ್ಟ್ಸ್ ಕಾರಿಗೆಂದು ಕೂರಿಸಿದ, ವಾಲ್ವ್ ತೆರೆದು ಮುಚ್ಚುವ ಕ್ಯಾಮ್‌ಶಾಫ್ಟ್ ಬೇರೆ, ಐದಾರು ಜನರನ್ನು ತುಂಬಿಕೊಂಡು ಹೋಗುವ ಗಾಡಿಯದು ಬೇರೆ. ಎಂಜಿಎಯಲ್ಲಿ ಆರ್‌ಪಿಎಂ ಮೀಟರ್ ತಿರುಗುವುದು ಎಂಜಿನ್ ಹಿಂಭಾಗದಲ್ಲಿ ಕ್ಯಾಮ್‌ಶಾಫ್ಟಿಗೆ ಕೂಡಿಸಿದ ಕೇಬಲ್ಲಿನಿಂದ. ನನ್ನ ಕಾರಿನಲ್ಲಿದ್ದ ಬ್ಲಾಕಿನಲ್ಲಿ, ಅಂದರೆ ಎಂಜಿನ್ನಿನ ಎರಕದ ಒಡಲಿನಲ್ಲಿ, ಆ ಕೇಬಲ್ ಸಿಕ್ಕಿಸುವ ಜಾಗವೇ ಇರಲಿಲ್ಲ! ಇಂಗ್ಲೆಂಡಿನಿಂದ ನೂರು ಕೇಬಲ್ ಬಂದರೂ ಮುಳ್ಳು ಏಳುತ್ತಿರಲಿಲ್ಲ. ಕಣ್ಣಿಗೆ ಕಾಣುವ ಕಾರ್ಬೊರೇಟರ್ ಹಾಗೆಯೇ ಬಿಟ್ಟಿದ್ದಾನೆ, ಕಾಣದ ಎಂಜಿನ್ ಎತ್ತಿದ್ದಾನೆ. ನಂಬರ್ ಇರುವುದು ಬ್ಲಾಕಿಗೆ ರಿವೆಟ್ ಹೊಡೆದ ಪುಟ್ಟ ತಗಡಿನ ಮೇಲೆ. ಅದನ್ನು ಕಿತ್ತು ಅಂಬಾಸಿಡರಿನ ಬ್ಲಾಕಿಗೆ ಬಡಿದಿದ್ದಾನೆ. ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಕಾರ್ಖಾನೆಯ ಹಳೆಯ ದಾಖಲೆ ನೋಡಿ ಪ್ರಮಾಣಪತ್ರ ಕೊಡುತ್ತದೆಯಂತೆ. ತರಿಸಿದರೂ ಏನು ಬಂತು? ತಗಡಿನ ನಂಬರ್ ಸರಿ ಎಂದೇ ಅದೂ ಹೇಳುತ್ತದೆ.

ಈಗ ಅವನ ಉತ್ತರಗಳನ್ನು ಕೇಳಿ. ಎಲ್ಲವೂ ನನ್ನ ಫೋನಿನಲ್ಲಿವೆ.

ಮೊದಲ ದಿನ: "ಯಾರು ಹೇಳಿದ್ದು ಮೇಡಂ? ಬೆಂಗಳೂರಿನವರು ರೇಟು ಇಳಿಸಲು ಇಂಥದ್ದೆಲ್ಲ ಹೇಳುತ್ತಾರೆ." ನಾನು ರಿವೆಟ್ಟಿನ ಚಿತ್ರ ಕಳುಹಿಸಿದೆ. ಎರಡು ನೀಲಿ ಗೆರೆ ಬಿತ್ತು, ಉತ್ತರವಿಲ್ಲ.

ಮೂರನೆಯ ದಿನ: "ಹಳೆಯ ಬ್ಲಾಕ್ ಸೀಳಿತ್ತು. ಸಾರ್‌ಗೆ ಆಗಲೇ ಹೇಳಿದ್ದೆ." ಸಾರ್ ಪಕ್ಕದಲ್ಲೇ ಕುಳಿತಿದ್ದರು. ಅವರಿಗೆ ಯಾರೂ ಏನೂ ಹೇಳಿರಲಿಲ್ಲ. ನಾನೇ ಹ್ಯಾಂಡಲ್ ಹಾಕಿ ತಿರುಗಿಸಿದ ಎಂಜಿನ್ ಅದು, ಹನಿ ನೀರು ಸೋರಿರಲಿಲ್ಲ.

ಐದನೆಯ ದಿನ ಧ್ವನಿ ಬದಲಾಯಿತು: "ನಿಮಗೆ ಒಳ್ಳೆಯದನ್ನೇ ಮಾಡಿದ್ದೇನೆ ಮೇಡಂ. ಅಂಬಾಸಿಡರಿನ ಬಿಡಿಭಾಗ ಎಲ್ಲಿ ಬೇಕಾದರೂ ಸಿಗುತ್ತದೆ. ಗಾಡಿ ಓಡುತ್ತಿದೆಯೋ ಇಲ್ಲವೋ? ಓಡುವ ಗಾಡಿಗೆ ಎಂಜಿನ್ ಯಾವುದಾದರೇನು?"

ಓಡುವ ಗಾಡಿಗೆ ಎಂಜಿನ್ ಯಾವುದಾದರೇನು! ಈ ಸಾಲನ್ನು ಎಷ್ಟು ಬಾರಿ ಓದಿದ್ದೇನೋ.

ಸೀಳಿದ ಬ್ಲಾಕನ್ನಾದರೂ ಕೊಡು ಎಂದೆ. ಗುಜರಿಗೆ ಹಾಕಿದೆ ಎಂದ. ನನ್ನ ವಸ್ತುವನ್ನು ಗುಜರಿಗೆ ಹಾಕಲು ನೀನು ಯಾರು ಎಂದೆ. ನಾನು ಏಕವಚನಕ್ಕೆ ಇಳಿದದ್ದು ಅಂದೇ ಮೊದಲು. ಅವನು ಆಗಲೂ ಬಹುವಚನ ಬಿಡಲಿಲ್ಲ, ಅದೇ ಇನ್ನಷ್ಟು ಉರಿ. ಅರ್ಧ ಗಂಟೆಯ ಬಳಿಕ ನನ್ನ ಫೋನ್‌ಪೇಗೆ 4,200 ರೂಪಾಯಿ ಬಂದು ಬಿತ್ತು. ಕೆಳಗೆ ಒಂದು ಸಾಲು: "ಹಳೆಯ ಕಬ್ಬಿಣದ ಬಾಬ್ತು."

ಮೈದುನನ ಜೊತೆ ಗ್ಯಾರೇಜಿಗೂ ಹೋದೆ. ಟೀ ತರಿಸಿದ, ಕುರ್ಚಿ ಒರೆಸಿ ಹಾಕಿದ, ಇಡೀ ಒಂದು ಗಂಟೆ ಮೈದುನನ ಮುಖ ನೋಡಿಕೊಂಡೇ ಮಾತನಾಡಿದ. ನನ್ನ ಎಂಜಿನ್ ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಗುಜರಿಗೆ ಹೋಗಿದೆ ಎಂದು ಮಾತ್ರ ನಾನು ನಂಬುವುದಿಲ್ಲ.

ನಷ್ಟ ಬರೀ ಅಭಿಮಾನದ್ದಲ್ಲ. 2021ರ ಜುಲೈನಲ್ಲಿ ಕೇಂದ್ರದ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ಬಂದು, 50 ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ನೋಂದಣಿ ಶುರುವಾಗಿದೆ. ವಿಎ ಅಕ್ಷರಗಳಿರುವ ನಂಬರ್, ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, 10 ವರ್ಷದ ಅವಧಿ. ಆದರೆ ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು, ಮಾರ್ಪಾಡು ಮಾಡಿರಬಾರದು. ಅದನ್ನು ಮಾಡಿಸಬೇಕೆಂದೇ ಕಾಗದಗಳನ್ನೆಲ್ಲ ಜೋಡಿಸಿಟ್ಟಿದ್ದೆ. ಈಗ ಬೇರೆ ಎಂಜಿನ್ನಿಗೆ ಅಂಟಿಸಿದ ತಗಡು ತೋರಿಸಿ ಅರ್ಜಿಗೆ ಸಹಿ ಹಾಕಿದರೆ ಸುಳ್ಳು ಹೇಳಿದವಳು ನಾನಾಗುತ್ತೇನೆ. ಹಿರಿಯರು ಸಭ್ಯರು, ಚೌಕಾಸಿ ಮಾಡಲಿಲ್ಲ. ಮೊದಲು ಹೇಳಿದ್ದರ ಅರ್ಧ ಬೆಲೆ ಹೇಳಿ, ಯೋಚಿಸಿ ನೋಡಿ ಅಮ್ಮ ಎಂದು ಹೊರಟರು. ಕಾರು ಮತ್ತೆ ಗೋಡೌನಿನಲ್ಲಿದೆ.

ನಿಮ್ಮ ಕಾರು ಕೊಡುವ ಮೊದಲು ತಗಡಿನ ಚಿತ್ರ ಮಾತ್ರ ತೆಗೆದು ಸುಮ್ಮನಾಗಬೇಡಿ. ಬ್ಲಾಕಿನ ನಾಲ್ಕೂ ಮಗ್ಗುಲಿನ ಚಿತ್ರ ತೆಗೆಯಿರಿ, ಎರಕದಲ್ಲೇ ಉಬ್ಬಿರುವ ಅಂಕಿಗಳ ಚಿತ್ರ, ರಿವೆಟ್ಟಿನ ಚಿತ್ರ ಕೂಡ. ತೆಗೆದ ಪ್ರತಿ ಹಳೆಯ ಭಾಗ ವಾಪಸು ಬರಬೇಕೆಂದು ಕಾಗದದ ಮೇಲೆ ಬರೆಸಿಕೊಳ್ಳಿ, ಒಡೆದದ್ದಾದರೂ ಸರಿ. ಎಂಜಿನ್ ಇಳಿಸುವ ದಿನ ಎದುರಿಗೆ ನಿಲ್ಲಿ. ಪುಟ್ಟಿ ಹಾಕುವ ಮೊದಲು ಹೋಗಿ ನೋಡಿ. ಸಾರ್‌ಗೆ ಫೋನ್ ಕೊಡಿ ಎನ್ನುವವನಿಗೆ ಕಾರಿನ ಕೀಲಿಯನ್ನೂ ಕೊಡಬೇಡಿ.

ಆ 4,200 ರೂಪಾಯಿ ಏನಾಯಿತೆಂದು ಕೇಳುವವರಿಗೆ: ಸಿಟ್ಟಿನಲ್ಲಿ ಅದೇ ನಿಮಿಷ ವಾಪಸು ಕಳುಹಿಸಿಬಿಟ್ಟೆ. ಎಂಜಿನ್ ತೆಗೆದದ್ದನ್ನು ಅವನೇ ಹಣ ಕೊಟ್ಟು ಒಪ್ಪಿಕೊಂಡಿದ್ದಾನೆ, ಅದನ್ನು ಇಟ್ಟುಕೊಂಡು ನನ್ನ ಬಳಿ ಬರಬಾರದಿತ್ತೇ ಎಂದು ವಕೀಲರು ಬೈದರು. ಈಗ ಬ್ಯಾಂಕಿನಿಂದ ಆ ದಿನದ ವಿವರ ಮುದ್ರಿಸಿ ತರಬೇಕಂತೆ. ಸೋಮವಾರ ಚಿಕ್ಕಮಗಳೂರಿಗೆ ಹೋಗುತ್ತಿದ್ದೇನೆ, ಬಸ್ಸಿನಲ್ಲಿ.