ಡಾಕ್ ಇರುವ ಕ್ಲಾಕ್ ರೇಡಿಯೊ: 30 ಪಿನ್ ಕೊಳ್ಳಬೇಕೇ, ಲೈಟ್ನಿಂಗ್ ಬೇಕೇ, ಬ್ಲೂಟೂತ್ ಸಾಕೇ?

ಹಾಡಿನ ಡಾಕ್ (ಐಪಾಡನ್ನೋ ಫೋನನ್ನೋ ಸಿಕ್ಕಿಸಿ ನಿಲ್ಲಿಸುವ ಜಾಗ) ಇರುವ ಕ್ಲಾಕ್ ರೇಡಿಯೊ ನೋಡಲು ಹೋದವರು ಮೊದಲು ಕೇಳುವುದು ಸೌಂಡ್ ಹೇಗಿದೆ ಎಂದು. ತಲೆದಿಂಬಿನ ಪಕ್ಕ ಕೂರುವ ಸೆಟ್‌ಗೆ ಅದು ಮೂರನೆಯ ಪ್ರಶ್ನೆ. ರಾತ್ರಿ ಕರೆಂಟ್ ಹೋಗಿ ಬಂದರೆ ಟೈಮೂ ಅಲಾರಮ್ಮೂ ಉಳಿಯುತ್ತವೆಯೇ ಎಂಬುದು ಮೊದಲನೆಯದು. ಡಾಕ್ ಮೇಲಿನ ಪ್ಲೇಯರ್ ಯಾವುದೋ ಕಾರಣಕ್ಕೆ ಹಾಡದಿದ್ದರೆ ಸೆಟ್ ಸುಮ್ಮನಿರುತ್ತದೆಯೋ, ಬಜರ್ ಹೊಡೆದು ಎಬ್ಬಿಸುತ್ತದೆಯೋ ಎಂಬುದು ಎರಡನೆಯದು. ಇವೆರಡಕ್ಕೂ ಸರಿಯಾದ ಉತ್ತರ ಕೊಡುವ ಸೆಟ್ ಸ್ವಲ್ಪ ಒರಟಾಗಿ ಹಾಡಿದರೂ ಪರವಾಗಿಲ್ಲ, ಅದನ್ನೇ ಕೊಳ್ಳಿ. ಇಲ್ಲಿನ ಹೋಲಿಕೆಯೂ ಅದೇ ಕ್ರಮದಲ್ಲಿದೆ. ಪ್ರತಿ ಬಗೆಯ ಸೆಟ್ಟಿನಲ್ಲೂ ಅಲಾರಂ ಇಟ್ಟು, ಪ್ಲಗ್ ಕಿತ್ತು, ಪ್ಲೇಯರ್ ತೆಗೆದು ನೋಡಿದ ಮೇಲೆ ಬರೆದದ್ದು.

30 ಪಿನ್ ಡಾಕ್

2003ರಲ್ಲಿ ಮೂರನೇ ತಲೆಮಾರಿನ ಐಪಾಡ್ ಜತೆ ಬಂದ ಅಗಲವಾದ 30 ಪಿನ್ ಕನೆಕ್ಟರ್ ಅನ್ನು 2012ರಲ್ಲಿ ಐಫೋನ್ 5 ಬಂದಾಗ ಆಪಲ್ ಕೈಬಿಟ್ಟು, ಅದರ ಜಾಗದಲ್ಲಿ ಲೈಟ್ನಿಂಗ್ ಎಂಬ ಚಿಕ್ಕ ಕನೆಕ್ಟರ್ ತಂದಿತು. ಡಾಕ್ ಇರುವ ಒಳ್ಳೆಯ ಕ್ಲಾಕ್ ರೇಡಿಯೊಗಳಲ್ಲಿ ಹೆಚ್ಚಿನವು ಈ ನಡುವಿನ ವರ್ಷಗಳವು. 2005ರ ಐಹೋಮ್ ಐಎಚ್5, ಆಮೇಲೆ ಬಂದ ಐಪಿ90, ಸೋನಿಯ ಡ್ರೀಮ್ ಮೆಷೀನ್ ಸಾಲಿನ ಡಾಕ್ ಮಾಡೆಲ್‌ಗಳು ಇವತ್ತಿಗೂ ಸೆಕೆಂಡ್ ಹ್ಯಾಂಡ್‌ನಲ್ಲಿ ಕಣ್ಣಿಗೆ ಬೀಳುತ್ತವೆ. ಅಮೆರಿಕದಿಂದ ಮನೆಗೆ ಬರುವವರ ಸೂಟ್‌ಕೇಸಿನಲ್ಲಿ ಬಂದು ಇಲ್ಲೇ ಉಳಿದ ಸೆಟ್‌ಗಳೂ ಕಡಿಮೆಯಿಲ್ಲ.

ಅಲಾರಂ ಕೆಲಸಕ್ಕೆ ಇದಕ್ಕಿಂತ ಚೆನ್ನಾಗಿ ಹೊಂದುವ ಏರ್ಪಾಡು ಆಮೇಲೆ ಬರಲೇ ಇಲ್ಲ. ಒಂದೇ ಕನೆಕ್ಟರಿನ ಬೇರೆ ಬೇರೆ ಪಿನ್‌ಗಳಲ್ಲಿ ಚಾರ್ಜಿಂಗ್, ಲೈನ್ ಔಟ್ ಆಡಿಯೊ ಮತ್ತು ಆಜ್ಞೆಗಳು ಓಡಾಡುತ್ತವೆ. ಲೈನ್ ಔಟ್ ಮಟ್ಟ ಬದಲಾಗದ್ದರಿಂದ ರಾತ್ರಿ ಐಪಾಡ್ ವಾಲ್ಯೂಮ್ ಎಷ್ಟಿತ್ತು ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಬೆಳಿಗ್ಗೆಯ ಸದ್ದು ಪೂರ್ತಿ ಸೆಟ್ಟಿನ ಕೈಯಲ್ಲಿರುತ್ತದೆ. ಹೊತ್ತಾದಾಗ ಸೆಟ್ ತಾನೇ ಐಪಾಡ್‌ಗೆ ‘ಪ್ಲೇ’ ಎಂಬ ಆಜ್ಞೆ ಕಳಿಸಿ, ಕೆಳಗಿನಿಂದ ನಿಧಾನಕ್ಕೆ ವಾಲ್ಯೂಮ್ ಏರಿಸುತ್ತದೆ. ಹಾಡು ಐಪಾಡ್‌ನೊಳಗೇ ಇರುವುದರಿಂದ ನೆಟ್ ಬೇಕಿಲ್ಲ, ಆ್ಯಪ್ ತೆರೆದಿರಬೇಕಿಲ್ಲ.

ಎಡವಟ್ಟಾಗುವ ಜಾಗಗಳೂ ಗೊತ್ತಿರಲಿ. ಐಪಾಡ್ ಬ್ಯಾಟರಿ ಪೂರ್ತಿ ಖಾಲಿಯಾಗಿದ್ದರೆ ಡಾಕ್ ಮೇಲಿಟ್ಟ ಕೂಡಲೇ ಏಳುವುದಿಲ್ಲ, ಕೆಲವು ನಿಮಿಷ ಚಾರ್ಜ್ ಆಗಬೇಕು. ರಾತ್ರಿ ಹಾಡಿನ ಪಟ್ಟಿ ಕೊನೆ ಮುಟ್ಟಿ ನಿಂತಿದ್ದರೆ ಕೆಲವು ಸೆಟ್‌ಗಳ ‘ಪ್ಲೇ’ ಆಜ್ಞೆಗೆ ಏನೂ ಸಿಗುವುದಿಲ್ಲ. ರಿಪೀಟ್ ಆನ್ ಮಾಡಿಟ್ಟರೆ ಈ ತಾಪತ್ರಯ ಇಲ್ಲ. ಕೆಲವು ಮಾಡೆಲ್‌ಗಳು ಗೊತ್ತಾದ ಹೆಸರಿನ ಪ್ಲೇಲಿಸ್ಟ್ ಹುಡುಕುತ್ತವೆ. ಆ ಹೆಸರು ಮ್ಯಾನುಯಲ್‌ನಲ್ಲಿ ಇರುವಂತೆಯೇ, ಅಕ್ಷರ ತಪ್ಪದೆ ಇರಬೇಕು.

ಇನ್ನು ಚಾರ್ಜಿಂಗ್. ಹಳೆಯ ಡಾಕ್‌ಗಳಲ್ಲಿ ಹಲವು ಫೈರ್‌ವೈರ್ (ಯುಎಸ್‌ಬಿ ಥರದ ಹಳೆಯ ಸಂಪರ್ಕ) ಪಿನ್‌ಗಳ ಮೂಲಕ 12 ವೋಲ್ಟ್ ಕೊಡುತ್ತಿದ್ದವು. 2008ರಲ್ಲಿ ಬಂದ ಐಫೋನ್ 3ಜಿ, ನಾಲ್ಕನೇ ತಲೆಮಾರಿನ ಐಪಾಡ್ ನ್ಯಾನೊ ಮತ್ತು ಎರಡನೇ ತಲೆಮಾರಿನ ಐಪಾಡ್ ಟಚ್ ಆ ಪಿನ್‌ಗಳಿಂದ ಚಾರ್ಜ್ ಆಗುವುದಿಲ್ಲ, ಯುಎಸ್‌ಬಿ ಪಿನ್‌ಗಳ 5 ವೋಲ್ಟ್ ಮಾತ್ರ ತೆಗೆದುಕೊಳ್ಳುತ್ತವೆ. ಅಂಥ ಡಾಕ್ ಮೇಲೆ ಹಾಡು ಚೆನ್ನಾಗಿಯೇ ಬರುತ್ತದೆ, ಬ್ಯಾಟರಿ ಮಾತ್ರ ಇಳಿಯುತ್ತಾ ಹೋಗುತ್ತದೆ. ಡಾಕ್ ಕೆಟ್ಟಿದೆ ಎಂದು ಬಿಚ್ಚಲು ಹೋಗಬೇಡಿ.

ಐಪಾಡ್‌ಗೆಂದೇ ಮಾಡಿದ ಡಾಕ್ ಮೇಲೆ ಹಳೆಯ ಐಫೋನ್ ಇಟ್ಟರೆ ಸ್ಪೀಕರಿನಿಂದ ಟಕ ಟಕ ಟರ್‌ರ್ ಎಂಬ ಸದ್ದು ಬರಬಹುದು. ಅದು ಫೋನಿನೊಳಗಿನ ಜಿಎಸ್ಎಂ (ಮೊಬೈಲ್ ನೆಟ್‌ವರ್ಕಿನ) ರೇಡಿಯೊ ಸೆಕೆಂಡಿಗೆ ಸುಮಾರು 217 ಸಲ ಮಿಡಿಯುವುದರಿಂದ ಹುಟ್ಟುವ ಗದ್ದಲ. ಐಫೋನ್‌ಗೆಂದು ಮಾಡಿದ ಡಾಕ್‌ಗಳಲ್ಲಿ ಇದನ್ನು ತಡೆಯುವ ಕವಚ ಇರುತ್ತದೆ. ಇಲ್ಲದಿದ್ದರೆ ಏರ್‌ಪ್ಲೇನ್ ಮೋಡ್ ಒಂದೇ ದಾರಿ.

30 ಪಿನ್ ಡಾಕ್ ಮೇಲೆ ಲೈಟ್ನಿಂಗ್ ಅಡಾಪ್ಟರ್ ಹಾಕಿ ಲೈಟ್ನಿಂಗ್ ಇರುವ ಐಫೋನ್ ನಿಲ್ಲಿಸಬಹುದೇ? ಆಪಲ್‌ನದೇ ಅಡಾಪ್ಟರ್ ಆದರೆ ಚಾರ್ಜಿಂಗೂ ಆಡಿಯೊವೂ ಬರುತ್ತವೆ. ಆದರೆ ಫೋನ್ ಎತ್ತರಕ್ಕೆ ಹೋಗಿ, ಅದರ ತೂಕವೆಲ್ಲ ಒಂದು ಸಣ್ಣ ಕನೆಕ್ಟರ್ ಮೇಲೆ ಬೀಳುತ್ತದೆ. ನಿದ್ದೆಗಣ್ಣಲ್ಲಿ ಸ್ನೂಜ್ ಒತ್ತಲು ಹೋದ ಕೈ ತಗುಲಿದರೆ ಡಾಕ್‌ನ ಒಳಗಿನ ಬೆಸುಗೆ ಬಿಡುತ್ತದೆ. ಇದೇ ಡಾಕ್‌ಗೆ ಸಿಕ್ಕಿಸುವ ಬ್ಲೂಟೂತ್ ರಿಸೀವರ್‌ಗಳು ಹಗಲು ಹಾಡು ಕೇಳಲು ಸೊಗಸಾಗಿವೆ. ಅಲಾರಮ್ಮಿಗೆ ಮಾತ್ರ ನಂಬುವಂತಿಲ್ಲ, ಏಕೆಂದರೆ ಸೆಟ್ ಕಳಿಸಿದ ‘ಪ್ಲೇ’ ಫೋನಿಗೆ ತಲುಪಿಯೇ ತೀರುತ್ತದೆ ಎಂಬ ಖಾತ್ರಿ ಇಲ್ಲ.

ಲೈಟ್ನಿಂಗ್ ಡಾಕ್

2012ರ ನಂತರದವು. ಫಿಲಿಪ್ಸ್‌ನ ಡಿಎಸ್1155 ಈ ಬಗೆಯ ಒಳ್ಳೆಯ ಮಾದರಿ: ಸ್ಪ್ರಿಂಗ್ ಮೇಲೆ ಕೂತ ಕನೆಕ್ಟರ್, ಇನ್ನೊಂದು ಫೋನ್ ಚಾರ್ಜ್ ಮಾಡಲು ಯುಎಸ್‌ಬಿ, ಫೋನ್ ಇಟ್ಟೊಡನೆ ತಾನೇ ಹೊಂದಿಕೊಳ್ಳುವ ಗಡಿಯಾರ. ಸ್ಪ್ರಿಂಗ್ ಕನೆಕ್ಟರ್‌ನ ಲಾಭ ದೊಡ್ಡದು. ಫೋನ್ ಸ್ವಲ್ಪ ವಾಲಿದರೂ ಕನೆಕ್ಟರೂ ವಾಲುತ್ತದೆ, ಮುರಿಯುವುದಿಲ್ಲ, ತೆಳು ಕವರ್ ಇದ್ದರೂ ಕೂರುತ್ತದೆ. ಫೋನಿನಿಂದ ಟೈಮ್ ತೆಗೆದುಕೊಳ್ಳುವುದರಿಂದ ಭಾರತದ ಐದೂವರೆ ಗಂಟೆಯ ಲೆಕ್ಕವೂ ಸರಿ ಬರುತ್ತದೆ. ಆದರೆ ಇದರಲ್ಲಿ ರೇಡಿಯೊ ಇಲ್ಲ, ಅಲಾರಮ್ಮೂ ಫೋನಿನದೇ. ಎಂದರೆ ಫೋನ್ ಅಲ್ಲಿ ಇಲ್ಲದ ರಾತ್ರಿ ಇದು ಬರೀ ಗಡಿಯಾರ.

ಈ ಬಗೆಯಲ್ಲಿ ಅಗ್ಗದ ಮಾಲು ಬೇಡ. ಲೈಟ್ನಿಂಗ್ ಉಪಕರಣದೊಳಗೆ ಆಪಲ್ ಲೈಸೆನ್ಸಿನ ಗುರುತು ಚಿಪ್ ಇರಬೇಕು. ನಕಲಿ ಚಿಪ್ ಹಾಕಿದ ಡಾಕ್ ಇವತ್ತು ಕೆಲಸ ಮಾಡಿ, ಮುಂದಿನ ಸಾಫ್ಟ್‌ವೇರ್ ಅಪ್‌ಡೇಟ್ ಆದ ಮೇಲೆ ಫೋನಿನಲ್ಲಿ ಬರೀ ಎಚ್ಚರಿಕೆಯ ಸಂದೇಶ ತೋರಿಸಬಹುದು. ಅಲ್ಲದೆ 2023ರ ಐಫೋನ್ 15ರಿಂದ ಯುಎಸ್‌ಬಿ-ಸಿ ಬಂದಾಗಿದೆ. ಹೊಸದಾಗಿ ಲೈಟ್ನಿಂಗ್ ಡಾಕ್‌ಗೆ ದುಡ್ಡು ಹಾಕುವುದಕ್ಕೆ ಕಾರಣವೇ ಕಾಣುವುದಿಲ್ಲ. ಮನೆಯಲ್ಲಿ ಹಳೆಯ ಐಪಾಡ್ ಟಚ್ ಅಥವಾ ಏಳನೇ ನ್ಯಾನೊ ಇದ್ದು, ಅದನ್ನು ಹಾಡಿಗೆಂದೇ ಎತ್ತಿಟ್ಟಿದ್ದರೆ ಮಾತು ಬೇರೆ.

ಆಂಡ್ರಾಯ್ಡ್‌ಗೂ ಡಾಕ್ ಬಂದಿದ್ದವು, ಫಿಲಿಪ್ಸ್‌ನ ಎಎಸ್111 ಥರದವು. ಮೈಕ್ರೊ ಯುಎಸ್‌ಬಿ ಕನೆಕ್ಟರಿನಲ್ಲಿ ಹೋಗುವುದು ಚಾರ್ಜ್ ಮಾತ್ರ, ಹಾಡು ಬರುವುದು ಬ್ಲೂಟೂತ್‌ನಲ್ಲಿ. ಈಗಿನ ಫೋನ್‌ಗಳಿಗೆ ಆ ಕನೆಕ್ಟರ್ ಕೂರುವುದೇ ಇಲ್ಲ.

ಬ್ಲೂಟೂತ್ ಮತ್ತು ಯುಎಸ್‌ಬಿ ಚಾರ್ಜಿಂಗ್ ಇರುವ ಸೆಟ್

ಈಗ ಅಂಗಡಿಯಲ್ಲಿ ಹೊಸದಾಗಿ ಸಿಗುವುದು ಹೆಚ್ಚಾಗಿ ಇದೇ. ಜೆಬಿಎಲ್ ಹೊರೈಜನ್ ಈ ಬಗೆಗೆ ದಾರಿ ಮಾಡಿಕೊಟ್ಟವುಗಳಲ್ಲಿ ಒಂದು: ಎಫ್ಎಂ, ಬ್ಲೂಟೂತ್, ಎರಡು ಅಲಾರಂ, ಯುಎಸ್‌ಬಿ ಚಾರ್ಜಿಂಗ್, ಅಲಾರಂ ಹೊತ್ತಿಗೆ ಬೆಳಕು. ಫೋನ್ ಯಾವ ಕಂಪನಿಯದಾದರೂ ನಡೆಯುತ್ತದೆ, ಕನೆಕ್ಟರ್ ಬದಲಾದರೆ ವೈರ್ ಬದಲಿಸಿದರಾಯಿತು. ಬಾಳಿಕೆಯಲ್ಲಿ ಡಾಕ್‌ಗಳಿಗಿಂತ ಇದು ಮೇಲು.

ಕೊಳ್ಳುವವರು ತಪ್ಪು ತಿಳಿಯುವುದು ಒಂದು ವಿಷಯದಲ್ಲಿ. ಸಾಮಾನ್ಯವಾಗಿ ಈ ಸೆಟ್‌ಗಳು ಎಬ್ಬಿಸುವುದು ಎಫ್ಎಂ ಸ್ಟೇಷನ್ನಿಂದ ಅಥವಾ ಒಳಗಿನ ಟೋನ್‌ನಿಂದ. ಫೋನಿನಲ್ಲಿರುವ ನಿಮ್ಮ ಇಷ್ಟದ ಹಾಡಿನಿಂದ ಅಲ್ಲ. ಫೋನಿನ ಅಲಾರಮ್ಮನ್ನೇ ಬ್ಲೂಟೂತ್ ಮೂಲಕ ಕೇಳಿಸೋಣ ಎಂದರೆ, ಸೆಟ್ ರಾತ್ರಿ ತಾನಾಗಿ ಆಫ್ ಆಗಿ ಸಂಪರ್ಕ ಕಡಿದುಕೊಂಡಿರುತ್ತದೆ. ಕಡಿದುಕೊಳ್ಳದೇ ಇದ್ದರೆ ನಡುರಾತ್ರಿಯ ಪ್ರತಿ ಮೆಸೇಜಿನ ಸದ್ದೂ ಸ್ಪೀಕರಿನಲ್ಲೇ ಮೊಳಗುತ್ತದೆ. ಹಾಗಾಗಿ ಅಲಾರಂ ಮೂಲವಾಗಿ ಎಫ್ಎಂ ಇಟ್ಟು, ಬ್ಲೂಟೂತನ್ನು ರಾತ್ರಿ ಹಾಡಿಗೆ ಮಾತ್ರ ಬಳಸುವುದು ಸರಿ. ವಾಲ್ಯೂಮ್ ಫೋನಿನದೂ ಸೆಟ್ಟಿನದೂ ಒಂದಕ್ಕೊಂದು ತಳಕು ಹಾಕಿಕೊಂಡಿರುವುದರಿಂದ ರಾತ್ರಿ ಮೆಲ್ಲಗೆ ಇಟ್ಟದ್ದು ಅಲಾರಂಗೂ ಅನ್ವಯವಾಗುತ್ತದೆಯೇ, ಇಲ್ಲ ಅಲಾರಂಗೆ ಬೇರೆ ವಾಲ್ಯೂಮ್ ಇದೆಯೇ ಎಂದು ಕೊಳ್ಳುವಾಗಲೇ ನೋಡಬೇಕು.

ಈ ಬಗೆಯ ಬಹಳ ಸೆಟ್‌ಗಳಲ್ಲಿ ಮೀಡಿಯಂ ವೇವ್ (ಎಎಂ) ಇಲ್ಲ. ಬೆಂಗಳೂರಿನಲ್ಲಿ ವಿವಿಧ ಭಾರತಿ 102.9, ರೇನ್‌ಬೋ 101.3 ಎಫ್ಎಂನಲ್ಲೇ ಸಿಗುವುದರಿಂದ ಊರಿನೊಳಗೆ ಕೊರತೆ ಕಾಣದು. ಎಫ್ಎಂ ಗೋಪುರದಿಂದ ದೂರದ ಹಳ್ಳಿಯಲ್ಲಿ ಆಕಾಶವಾಣಿಯ ವಾರ್ತೆ, ಕೃಷಿರಂಗ ಕೇಳುವ ಹಿರಿಯರಿಗೆ ಇದನ್ನು ಕೊಡಬೇಡಿ. ಅವರಿಗೆ ಸೋನಿ ಐಸಿಎಫ್-ಸಿ1 ಥರದ, ಡಾಕ್ ಇಲ್ಲದ, ಎಎಂ–ಎಫ್ಎಂ ಎರಡೂ ಇರುವ ಸಾದಾ ಸೆಟ್ಟೇ ಮೇಲು. ಸಿಆರ್2032 ಬಟನ್ ಸೆಲ್ ಅದರ ಟೈಮ್ ಕಾಯುತ್ತದೆ.

ಅಮೆರಿಕದ ಸೆಟ್ ಇಲ್ಲಿ

ಹೊರದೇಶದಿಂದ ತಂದ ಸೆಟ್ಟಿನಲ್ಲಿ ಮೂರು ತೊಡಕುಗಳಿವೆ. ಇವನ್ನು ಬಲ್ಲವರೂ ಮರೆಯುತ್ತಾರೆ.

ಮೊದಲು ಸ್ಟೇಷನ್. ಅಮೆರಿಕದಲ್ಲಿ ಎಎಂ ಸ್ಟೇಷನ್‌ಗಳ ನಡುವಿನ ಅಂತರ 10 ಕಿಲೊಹರ್ಟ್ಸ್, ಇಲ್ಲಿ 9. ಡಿಜಿಟಲ್ ಟ್ಯೂನರ್ 600, 610, 620 ಎಂದು ಜಿಗಿಯುತ್ತದೆ. ಬೆಂಗಳೂರು ಆಕಾಶವಾಣಿ 612ರಲ್ಲಿದೆ. 610ರಲ್ಲಿ ನಿಲ್ಲಿಸಿದರೆ ತುಸು ಒಡೆದ ದನಿಯಲ್ಲಾದರೂ ಕೇಳುತ್ತದೆ. ಧಾರವಾಡದ 765 ಮಾತ್ರ 760ಕ್ಕೂ 770ಕ್ಕೂ ನಟ್ಟನಡುವೆ ಬಿದ್ದು ಎರಡರಲ್ಲೂ ಹಾಳು. ಎಫ್ಎಂನಲ್ಲೂ ಅಷ್ಟೆ: ಅಲ್ಲಿನ ಸೆಟ್‌ಗಳಲ್ಲಿ ಹಲವು 0.2ರಂತೆ ಜಿಗಿದು ಬೆಸ ಅಂಕಿಗಳಲ್ಲಿ ಮಾತ್ರ ನಿಲ್ಲುತ್ತವೆ. 91.1, 98.3, 101.3 ಸರಿಯಾಗಿ ಸಿಗುತ್ತವೆ. ಮೈಸೂರು ಆಕಾಶವಾಣಿಯ 100.6 ಸಿಗುವುದಿಲ್ಲ, ಪಕ್ಕದ 100.5ರಲ್ಲಿ ನಿಲ್ಲಿಸಿದರೆ ಸ, ಶ ಅಕ್ಷರಗಳೆಲ್ಲ ಬಿರಿದು ಕೇಳುತ್ತವೆ. ಕೆಲವು ಸೆಟ್‌ಗಳ ಹಿಂಬದಿಯಲ್ಲೋ ಮೆನುವಿನಲ್ಲೋ 9/10 ಎಂಬ ಆಯ್ಕೆ ಇರುತ್ತದೆ, ಹುಡುಕಿ. ತಿರುಗಣೆ ಡಯಲಿನ ಸೆಟ್‌ಗೆ ಈ ಗೋಜೇ ಇಲ್ಲ.

ಎರಡನೆಯದು ಟೈಮ್. ತಾನಾಗಿ ಟೈಮ್ ಹೊಂದಿಸಿಕೊಳ್ಳುವ ಅಮೆರಿಕದ ಸೆಟ್‌ಗಳು ಕಾರ್ಖಾನೆಯಲ್ಲೇ ಟೈಮ್ ತುಂಬಿಸಿಕೊಂಡು ಬಂದಿರುತ್ತವೆ, ಆರಿಸಲು ಅಲ್ಲಿನ ವಲಯಗಳಷ್ಟೇ ಇರುತ್ತವೆ. ಕೈಯಲ್ಲೇ ಟೈಮ್ ಇಟ್ಟು, ಡಿಎಸ್‌ಟಿ (ಬೇಸಿಗೆಗೆಂದು ಗಡಿಯಾರ ಮುಂದಿಡುವ ಅಲ್ಲಿನ ಏರ್ಪಾಡು) ಆಫ್ ಮಾಡಿ. ಮಾಡದಿದ್ದರೆ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹಾರಿ, ನವೆಂಬರ್ ಮೊದಲ ಭಾನುವಾರ ಹಿಂದೆ ಬರುತ್ತದೆ. ಕರೆಂಟಿನ ಆವರ್ತನ ಎಣಿಸಿ ಟೈಮ್ ಹೇಳುವ ಹಳೆಯ ಸೆಟ್ ಆದರೆ ಇನ್ನೂ ಕಷ್ಟ. 60 ಹರ್ಟ್ಸ್‌ಗೆ ಮಾಡಿದ್ದು ನಮ್ಮ 50 ಹರ್ಟ್ಸ್‌ನಲ್ಲಿ ಗಂಟೆಗೆ 10 ನಿಮಿಷ ಹಿಂದೆ ಬೀಳುತ್ತದೆ, ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿದರೂ ಅದು ಸರಿಹೋಗದು. ವಾರದ ಅಲಾರಂ ‘5–2’ ಎಂದು (ಐದು ದಿನ ಕೆಲಸ, ಎರಡು ದಿನ ವಾರಾಂತ್ಯ) ವಿಂಗಡಿಸಿರುವ ಸೆಟ್‌ಗಳು ಶನಿವಾರವನ್ನು ರಜೆ ಎಂದೇ ಎಣಿಸುತ್ತವೆ. ಶನಿವಾರ ಬೆಳಗಿನ ಶಾಲೆ ಇರುವ ಮನೆಗಳಲ್ಲಿ ಎರಡನೇ ಅಲಾರಮ್ಮನ್ನು ವಾರಾಂತ್ಯಕ್ಕೆ ಇಟ್ಟು, ಶನಿವಾರ ರಾತ್ರಿ ಆಫ್ ಮಾಡಬೇಕು.

ಮೂರನೆಯದು ಅಡಾಪ್ಟರ್. ಅದರ ಮೇಲೆ 100–240 ವೋಲ್ಟ್, 50/60 ಹರ್ಟ್ಸ್ ಎಂದಿದ್ದರೆ ಪಿನ್ ಬದಲಿಸುವ ಪ್ಲಗ್ ಸಾಕು. ಬರೀ 120 ವೋಲ್ಟ್ ಎಂದಿದ್ದರೆ ನಮ್ಮ 230ಕ್ಕೆ ಹಾಕಿದೊಡನೆ ಸುಟ್ಟುಹೋಗುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬದಲಿ ಅಡಾಪ್ಟರ್ ಸಿಗುತ್ತದೆ, ಹಳೆಯದನ್ನು ಜತೆಗೇ ಒಯ್ಯಿರಿ. ಔಟ್‌ಪುಟ್ ವೋಲ್ಟೇಜ್ ಅಷ್ಟೇ ಇರಬೇಕು, ಆ್ಯಂಪಿಯರ್ ಅಷ್ಟೇ ಅಥವಾ ಹೆಚ್ಚು, ನಡುಪಿನ್ನು ಪ್ಲಸ್ಸೋ ಮೈನಸ್ಸೋ ಎಂಬುದು ಹೊಂದಬೇಕು. ಪಿನ್ನಿನ ರಂಧ್ರ 2.1 ಮಿಲಿಮೀಟರೋ 2.5ರದೋ ನೋಡಿ. ದೊಡ್ಡದು ಹಾಕಿದರೆ ಸಡಿಲವಾಗಿ ರಾತ್ರಿ ಸೆಟ್ ಆನ್–ಆಫ್ ಆಗುತ್ತಿರುತ್ತದೆ. ಕೆಲವು ಹಳೆಯ ಸೆಟ್‌ಗಳು ಡಿಸಿ ಅಲ್ಲ, ಎಸಿ ಔಟ್‌ಪುಟ್ ಬೇಡುತ್ತವೆ. ಅಂಥದಕ್ಕೆ ಡಿಸಿ ಅಡಾಪ್ಟರ್ ಕೊಡಬಾರದು. ಅಗ್ಗದ ಅಡಾಪ್ಟರ್ ಎಎಂನಲ್ಲಿ ಝುಂಯ್ ಎನ್ನುವ ಗದ್ದಲ ತುಂಬುತ್ತದೆ ಎಂಬುದೂ ನೆನಪಿರಲಿ.

ಕೊಳ್ಳುವ ಮುನ್ನ ಮಾಡುವ ಪರೀಕ್ಷೆ

ಸೆಕೆಂಡ್ ಹ್ಯಾಂಡ್ ಆದರೆ ಮಾರುವವರ ಮನೆಯಲ್ಲೇ ಇಷ್ಟನ್ನು ಮಾಡಿ, ಕಾಲು ಗಂಟೆ ಸಾಕು. ಕರೆಂಟ್ ಹೋದಾಗ ಟೈಮ್ ಕಾಯುವ ಬ್ಯಾಕಪ್ ಸೆಲ್ ಹೊಸದನ್ನು ನೀವೇ ಒಯ್ಯಿರಿ. ಅಲಾರಮ್ಮನ್ನು ಎರಡು ನಿಮಿಷ ಮುಂದಕ್ಕೆ, ಮೂಲವನ್ನು ಐಪಾಡ್‌ಗೆ ಇಟ್ಟು, ಐಪಾಡ್ ತೆಗೆದುಬಿಡಿ. ಬಜರ್ ಹೊಡೆಯಬೇಕು. ಹೊಡೆಯದ ಸೆಟ್ ಎಷ್ಟು ಅಗ್ಗವಾದರೂ ಬಿಟ್ಟು ಬನ್ನಿ. ಮತ್ತೆ ಅಲಾರಂ ಇಟ್ಟು ಪ್ಲಗ್ ಕೀಳಿ. ಟೈಮ್ ಮಾತ್ರ ಉಳಿಯುವ ಸೆಟ್ ಬೇರೆ, ಸೆಲ್ ಮೇಲೆಯೇ ಅಲಾರಮ್ಮೂ ಹೊಡೆಯುವ ಸೆಟ್ ಬೇರೆ. ಯುಪಿಎಸ್ ಇಲ್ಲದ ಮನೆಗೆ ಎರಡನೆಯದೇ ಬೇಕು. ಆಮೇಲೆ ಪ್ಲೇಯರ್ ಕೂರಿಸಿ ಮೆಲ್ಲಗೆ ಅಲುಗಾಡಿಸಿ. ಸದ್ದು ಒಂದು ಕಡೆ ಮಾತ್ರ ಬಂದರೆ ಅಥವಾ ಚಾರ್ಜಿಂಗ್ ಗುರುತು ಹೋಗಿ ಬಂದರೆ ಪಿನ್ ಕೊಳೆಯಾಗಿರಬಹುದು, ಬೆಸುಗೆ ಬಿಟ್ಟಿರಬಹುದು. ಪ್ಲಗ್ ಕಿತ್ತು, ಒಣ ಹಲ್ಲುಜ್ಜುವ ಬ್ರಷ್ಷಿನ ತುದಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ತಿಕ್ಕಿದರೆ ಕೊಳೆಯಾದರೆ ಹೋಗುತ್ತದೆ. ಪ್ಲೇಯರಿನ ಅಳತೆಗೆ ತಕ್ಕಂತೆ ಡಾಕ್‌ನೊಳಗೆ ಕೂರಿಸುವ ಪ್ಲಾಸ್ಟಿಕ್ ಇನ್ಸರ್ಟ್‌ಗಳು ಇವೆಯೇ ಎಂದು ಕೇಳಿ. ನಿಮ್ಮ ಐಪಾಡ್‌ಗೆ ಹೊಂದುವ ಇನ್ಸರ್ಟ್ ಇಲ್ಲದೆ ಕೂರಿಸಿದರೆ ಭಾರವೆಲ್ಲ ಕನೆಕ್ಟರ್ ಮೇಲೆ ಬೀಳುತ್ತದೆ.

ಡಿಸ್‌ಪ್ಲೇ ಬೆಳಕನ್ನು ಕೋಣೆ ಕತ್ತಲು ಮಾಡಿಯೇ ನೋಡಬೇಕು. ಅತಿ ಕಡಿಮೆಗೆ ಇಳಿಸಿದಾಗಲೂ ಗೋಡೆ ಬೆಳಗಿದರೆ ನಿದ್ದೆಗೆ ತೊಂದರೆ. ನೀಲಿ, ಬಿಳಿ ಅಂಕಿಗಳಿಗಿಂತ ಕೆಂಪು ಅಥವಾ ಕೇಸರಿ ಅಂಕಿಗಳು ಕಣ್ಣಿಗೆ ಹಿತ.

ಮನೆಗೆ ತಂದ ಮೇಲೆ ಎಫ್ಎಂ ಬಾಲದ ವೈರನ್ನು ಸುತ್ತಿ ಕಟ್ಟಬೇಡಿ. ಸುಮಾರು 75 ಸೆಂಟಿಮೀಟರ್ ಉದ್ದ ನೇರವಾಗಿ ಇಳಿಬಿಟ್ಟರೆ ಅದು ಸರಿಯಾಗಿ ಹಿಡಿಯುತ್ತದೆ. ಎಎಂಗೆ ಆ ವೈರಿನಿಂದ ಏನೂ ಆಗದು, ಅದರ ಆ್ಯಂಟೆನಾ ಸೆಟ್ಟಿನೊಳಗಿನ ಫೆರೈಟ್ ಸಲಾಕೆ. ಸೆಟ್ಟನ್ನೇ ಕಾಲು ಸುತ್ತು ತಿರುಗಿಸಿ, ಫೋನ್ ಚಾರ್ಜರನ್ನೂ ಎಲ್ಇಡಿ ಬಲ್ಬನ್ನೂ ಒಂದು ಮೀಟರ್ ದೂರ ಇಡಿ.