ಕಾರ್ ಚಾರ್ಜರ್ ಲೈನ್: ವೈರಿಂಗ್ ಚೆನ್ನಾಗಿದೆ, ಅರ್ಥಿಂಗ್ ಕೇಳಬೇಡಿ

ಹೊಸ ಎಲೆಕ್ಟ್ರಿಕ್ ಕಾರಿನ ಜೊತೆ ಬಂದ 7.2 ಕಿಲೋವ್ಯಾಟ್ ಚಾರ್ಜರ್ ಕೂರಿಸೋಕೆ ಡೀಲರ್ ಒಂದು ಏಜೆನ್ಸಿಯವರನ್ನು ಕಳಿಸಿದ್ದರು. ನನ್ನ ಲೆಕ್ಕದಲ್ಲಿ ಅವರಿಗೆ ಐದಕ್ಕೆ ಮೂರು.

ನಮ್ಮದು ಬಸವೇಶ್ವರನಗರದ ಹಳೇ ಮನೆ. ಮೀಟರ್ ಮುಂದಿನ ಗೋಡೆಯಲ್ಲಿ, ಕಾರು ನಿಲ್ಲೋದು ಹಿಂದಿನ ಶೆಡ್ಡಿನಲ್ಲಿ. ಮನೆಯ ಡಿಬಿಯಿಂದ (ಫ್ಯೂಸ್, ಸ್ವಿಚ್‌ಗಳಿರುವ ಹಂಚಿಕೆ ಪೆಟ್ಟಿಗೆ) ಎಳೆಯದೆ ಮೀಟರ್ ಬಳಿಯಿಂದಲೇ ಬೇರೆ ಲೈನ್ ತಂದರು, ಇದು ಬಹಳ ಇಷ್ಟವಾಯಿತು. 6 ಸ್ಕ್ವೇರ್ ಎಂಎಂ ತಾಮ್ರದ ಆರ್ಮರ್ಡ್ (ಲೋಹದ ಕವಚದ) ಕೇಬಲ್, ಕರೆಂಟ್ ಮಿತಿ ಮೀರಿದರೆ ಕಡಿಯುವ 40 ಆಂಪ್ಸ್ ಎಂಸಿಬಿ, ಕರೆಂಟ್ ಸೋರಿದರೆ ಕಡಿಯುವ ಟೈಪ್ ಎ ಆರ್‌ಸಿಸಿಬಿ. ಈ ಚಾರ್ಜರ್ ಸುಮಾರು 32 ಆಂಪ್ಸ್ ಎಳೆಯುತ್ತದೆ, ಅದೂ ಗಂಟೆಗಟ್ಟಲೆ. ಗೀಸರ್ ನೀರು ಕಾದ ಮೇಲೆ ತಾನೇ ಆಫ್ ಆಗುತ್ತದೆ, ಕಾರು ಹಾಗಲ್ಲ. ಪಕ್ಕದ ಮನೆಯವರು ಗೀಸರ್ ಪಾಯಿಂಟಿಗೇ ಪೋರ್ಟಬಲ್ ಚಾರ್ಜರ್ ಸಿಕ್ಕಿಸಿ, ಸಾಕೆಟ್ಟಿನ ಒಂದು ತೂತಿನ ಸುತ್ತ ಪ್ಲಾಸ್ಟಿಕ್ ಕಂದಾಗಿ ಉಬ್ಬಿಕೊಂಡಿದೆ. ಇನ್ನೊಂದು ವಿಷಯ, ಕೇಬಲ್ ಮೇಲೆ ಮೀಟರ್ ಗುರುತು ಅಚ್ಚಾಗಿರುತ್ತದೆ, ಎರಡೂ ತುದಿಯ ನಂಬರ್ ನೋಡಿ ಕಳೆದರೆ ಬಿಲ್ಲಿನ ಉದ್ದ ಸರಿ ಇದೆಯಾ ಅಂತ ಗೊತ್ತಾಗುತ್ತದೆ. ನಮ್ಮದು ಸರಿ ಇತ್ತು.

ಎಡವಟ್ಟಾಗಿದ್ದು ಅರ್ಥಿಂಗಿನಲ್ಲಿ, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆಯಲ್ಲಿ. ಮನೆಯ ಹಳೇ ಅರ್ಥಿಗೇ ಹಸಿರು ವೈರ್ ಸೇರಿಸಿದರು, ಅರ್ಥ್ ಸರಿಯಿಲ್ಲ ಅಂತ ಚಾರ್ಜರ್‌ನಲ್ಲಿ ಕೆಂಪು ಲೈಟ್. ಮಲ್ಟಿಮೀಟರ್ ಹಿಡಿದರೆ ನ್ಯೂಟ್ರಲ್‌ಗೂ ಅರ್ಥಿಗೂ ನಡುವೆ 20 ವೋಲ್ಟ್ ಹತ್ತಿರ! ಹಳೇ ಅರ್ಥ್ ಪಿಟ್ಟಿನ ಗುಂಡಿಯೊಳಗೆ ಉಪ್ಪು ನೀರು ಸುರಿದರು, ಲೈಟ್ ಹಸಿರಾಯಿತು, ನೆಲ ಒಣಗಿದ ಮೇಲೆ ಮತ್ತೆ ಕೆಂಪು. ಆಮೇಲೆ ಅವರ ಹುಡುಗ ಕೊಟ್ಟ ಐಡಿಯಾ ಕೇಳಿ, ಚಾರ್ಜರ್ ಬಾಕ್ಸ್ ಒಳಗೇ ನ್ಯೂಟ್ರಲ್ ಮತ್ತು ಅರ್ಥ್ ಸೇರಿಸಿ ಲೂಪ್ ಮಾಡ್ತೀನಿ, ಎಲ್ಲರ ಮನೆಯಲ್ಲೂ ಹೀಗೇ ಸಾರ್ ಅಂದ. ದಯವಿಟ್ಟು ಯಾರೂ ಒಪ್ಪಬೇಡಿ. ಎಲ್ಲೋ ನ್ಯೂಟ್ರಲ್ ಕಟ್ಟಾದರೆ ಕಾರಿನ ಲೋಹದ ಮೈಗೇ ಕರೆಂಟ್ ಬರುತ್ತದೆ. ಅವನನ್ನು ನಿಲ್ಲಿಸಿ, ನಮ್ಮ ಏರಿಯಾ ಎಲೆಕ್ಟ್ರಿಷಿಯನ್ ಕರೆಸಿ ತಾಮ್ರ ಲೇಪಿಸಿದ ರಾಡ್ ಮತ್ತು ಅರ್ಥಿಂಗ್ ಕಾಂಪೌಂಡ್ ಪುಡಿ ಹಾಕಿ ಹೊಸ ಪಿಟ್ ಮಾಡಿಸಿದೆ. ಅರ್ಥ್ ಟೆಸ್ಟರ್‌ನಲ್ಲಿ 2 ಓಮ್‌ಗಿಂತ ಕಡಿಮೆ ತೋರಿಸಿತು, ಕೆಂಪು ಲೈಟ್ ಹೋಯಿತು. ಈ ಖರ್ಚು ನಮ್ಮದೇ, ಏಜೆನ್ಸಿ ಒಂದು ಪೈಸೆ ಬಿಚ್ಚಲಿಲ್ಲ.

ಮಂಜೂರಾದ ಲೋಡ್ (ನಮ್ಮ ಮೀಟರ್‌ಗೆ ಬೆಸ್ಕಾಂ ಒಪ್ಪಿದ ಕರೆಂಟ್ ಮಿತಿ) ಬಗ್ಗೆ ಏಜೆನ್ಸಿಯವರು ಬಾಯೇ ಬಿಡಲಿಲ್ಲ. ನಮ್ಮದು 3 ಕಿಲೋವ್ಯಾಟ್ ಇತ್ತು, ಚಾರ್ಜರ್ ಒಂದೇ ಅದರ ಎರಡರಷ್ಟಕ್ಕಿಂತ ಜಾಸ್ತಿ. ಲೋಡ್ ಏರಿಸೋಕೆ ಬೆಸ್ಕಾಂಗೆ ಮೊದಲೇ ಅರ್ಜಿ ಹಾಕಿ. ಕೊಟೇಷನ್‌ನಲ್ಲಿ ಹೊಸ ಅರ್ಥ್ ಪಿಟ್, ಅದರ ರೀಡಿಂಗ್ ಎರಡನ್ನೂ ಬರೆಸಿಕೊಂಡರೆ ಈ ಏಜೆನ್ಸಿಯವರನ್ನೇ ಕರೆಯಬಹುದು, ಕೈಕೆಲಸ ನೀಟಾಗಿದೆ.

ಅಂದ ಹಾಗೆ, ದಿನಕ್ಕೆ 40-50 ಕಿಲೋಮೀಟರ್ ಓಡಿಸೋರಿಗೆ 7.2 ಬೇಕೇ ಬೇಕು ಅಂತೇನಿಲ್ಲ. 3.3 ಕಿಲೋವ್ಯಾಟ್‌ನಲ್ಲಿ ರಾತ್ರಿ 8 ಗಂಟೆ ಹಾಕಿಟ್ಟರೆ 25 ಯೂನಿಟ್ ಹತ್ತಿರ ಸಿಗುತ್ತದೆ, ಸಾಕಲ್ವಾ? ಅದಕ್ಕೂ 4 ಸ್ಕ್ವೇರ್ ಎಂಎಂನ ಬೇರೆ ಲೈನ್, ಒಳ್ಳೆಯ 16 ಆಂಪ್ಸ್ ಇಂಡಸ್ಟ್ರಿಯಲ್ ಸಾಕೆಟ್, ಸರಿಯಾದ ಅರ್ಥ್ ಮಾತ್ರ ಬೇಕೇ ಬೇಕು.