ಪಂಪ್‌ಸೆಟ್ ರಿಪೇರಿ ತರಬೇತಿ: ಮೂವತ್ತು ದಿನ ಇದ್ದು ಕಲಿತವನ ಅಭಿಪ್ರಾಯ

ರೋಣ ತಾಲ್ಲೂಕಿನ ನಮ್ಮ ಊರಲ್ಲಿ ಬೇಸಿಗೆ ಬಂತೆಂದರೆ ಬೋರಿನ ಮೋಟಾರು ಸುಡುವುದು ಪ್ರತಿ ವರ್ಷದ ಕಷ್ಟ. ಸುಟ್ಟ ಮೋಟಾರನ್ನು ಗಾಡಿಗೆ ಹಾಕಿಕೊಂಡು ಗದಗಿಗೆ ಹೋಗಿ ಕಟ್ಟಿಸಿಕೊಂಡು ಬರುವಷ್ಟರಲ್ಲಿ ಮೂರ್ನಾಲ್ಕು ದಿನ ಕಳೆದು ಉಳ್ಳಾಗಡ್ಡಿ ಬಾಡಿರುತ್ತದೆ. ಈ ಕೆಲಸವನ್ನು ಊರಲ್ಲಿಯೇ ಮಾಡಬೇಕೆಂದು ನಾನು ಮೊದಲು ಹುಬ್ಬಳ್ಳಿಯ ಒಂದು ಖಾಸಗಿ ಕೇಂದ್ರಕ್ಕೆ ಶುಲ್ಕ ಕಟ್ಟಿ ಮೂರು ತಿಂಗಳು ಓಡಾಡಿದೆ. ಅಲ್ಲಿ ಹಲಗೆಯ ಮೇಲೆ ಚಿತ್ರ ಬರೆದು ತೋರಿಸಿದರೇ ಹೊರತು ಕೈಗೆ ತಂತಿ ಕೊಡಲಿಲ್ಲ. ನನಗೆ ದಕ್ಕಿದ್ದು ಪ್ರಮಾಣಪತ್ರ ಮಾತ್ರ.

ಆಮೇಲೆ ನಮ್ಮ ಭಾಗದ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಯೊಂದರಲ್ಲಿ ಮೋಟಾರ್ ರಿವೈಂಡಿಂಗ್, ಅಂದರೆ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿ ಕಟ್ಟುವ ತರಬೇತಿಗೆ ಸೇರಿದೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಸಂಸ್ಥೆಯು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆಗೂಡಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಬೆಳೆದ ವ್ಯವಸ್ಥೆ ಇದು. ತರಬೇತಿ, ಊಟ, ವಸತಿ ಎಲ್ಲವೂ ಉಚಿತ. ತರಬೇತಿ ಮುಗಿದ ಮೇಲೂ ಸಂಸ್ಥೆಯವರು ಎರಡು ವರ್ಷ ನಮ್ಮನ್ನು ವಿಚಾರಿಸಿಕೊಳ್ಳುತ್ತಾರೆ.

ಇಲ್ಲಿ ಮೊದಲ ದಿನವೇ ಸುಟ್ಟ ಸ್ಟೇಟರನ್ನು (ಮೋಟಾರಿನಲ್ಲಿ ತಿರುಗದೆ ನಿಂತಿರುವ, ತಂತಿ ಸುತ್ತಿದ ಭಾಗ) ಮುಂದಿಟ್ಟರು. ಬಿಚ್ಚುವ ಮುನ್ನ ಎಷ್ಟು ಸ್ಲಾಟು (ತಂತಿ ಕೂರುವ ಸೀಳು), ಒಂದೊಂದು ಕಾಯಿಲಿಗೆ (ತಂತಿಯ ಸುರುಳಿಗೆ) ಎಷ್ಟು ಸುತ್ತು, ತಂತಿ ಯಾವ ಗೇಜು (ದಪ್ಪ), ಕಾಯಿಲು ಯಾವ ಸ್ಲಾಟಿನಿಂದ ಯಾವ ಸ್ಲಾಟಿಗೆ ಹೋಗಿದೆ ಎಂಬುದನ್ನೆಲ್ಲ ಪುಸ್ತಕದಲ್ಲಿ ಬರೆಯದವರಿಗೆ ಉಳಿ ಮುಟ್ಟಲು ಬಿಡುತ್ತಿರಲಿಲ್ಲ. ನಾನು ಮೊದಲು ಕಟ್ಟಿದ 24 ಸ್ಲಾಟಿನ ಮೋಟಾರಿನಲ್ಲಿ ಒಂದು ಕಾಯಿಲಿಗೆ ಆರು ಸುತ್ತು ಕಡಿಮೆ ಬಿದ್ದಿದ್ದವು. ಚಾಲೂ ಮಾಡಿದಾಗ ಮೂರು ಫೇಸಿನಲ್ಲಿ ಆ ಕಾಯಿಲಿದ್ದ ಫೇಸು ಉಳಿದೆರಡಕ್ಕಿಂತ ಹೆಚ್ಚು ಕರೆಂಟು ಎಳೆಯಿತು, ಸ್ವಲ್ಪ ಹೊತ್ತಿಗೇ ಮೈ ಬಿಸಿಯಾಯಿತು. ಕಲಿಸುವ ಸರ್ ಬೈಯಲಿಲ್ಲ; ಪೂರ್ತಿ ಬಿಚ್ಚಿಸಿ, ಸ್ಲಾಟಿನ ಕಾಗದದಿಂದ ಹಿಡಿದು ವಾರ್ನಿಶ್‌ವರೆಗೆ ಮತ್ತೆ ಕಟ್ಟಿಸಿದರು. ಎರಡನೆಯ ಸಲ ಮೆಗ್ಗರ್ (ಕರೆಂಟು ಮೋಟಾರಿನ ಮೈಗೆ ಸೋರುತ್ತದೆಯೇ ಎಂದು ನೋಡುವ ಉಪಕರಣ) ಹಚ್ಚಿ ನೋಡಿದಾಗ ಅದು ಸರಿಯಾಗಿತ್ತು. ಆ ಸಂತೋಷ ಇನ್ನೂ ನೆನಪಿದೆ.

ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಮೋಟಾರು ಏಕೆ ಸುಟ್ಟಿತೆಂದು ಗುರುತಿಸುವ ಪಾಠ. ಮೂರು ಫೇಸಿನಲ್ಲಿ ಒಂದು ಹೋದರೂ ತಿರುಗುತ್ತಿರುವ ಮೋಟಾರು ನಿಲ್ಲದೆ ಉಳಿದೆರಡರ ಮೇಲೆ ಭಾರ ಹಾಕುತ್ತದೆ. ಸ್ಟಾರ್ ಜೋಡಣೆಯ (ಮೂರೂ ಫೇಸಿನ ಒಂದೊಂದು ತುದಿಯನ್ನು ಒಂದೆಡೆ ಕೂಡಿಸಿದ) ಮೋಟಾರಿನಲ್ಲಿ ಎರಡು ಫೇಸಿನ ಕಾಯಿಲುಗಳು ಕಪ್ಪಾಗಿ ಒಂದು ಮಾತ್ರ ಹೊಸದರಂತೆ ಉಳಿದಿದ್ದರೆ ಕಾರಣ ಅದೇ. ಈಗ ನಾನು ಮೋಟಾರು ಕಟ್ಟಿಕೊಡುವಾಗ ರೈತರಿಗೆ ಆ ಕಾಯಿಲುಗಳನ್ನೇ ತೋರಿಸಿ, ಒಂದು ಫೇಸು ಹೋದರೆ ಮೋಟಾರನ್ನು ನಿಲ್ಲಿಸುವ ಸಿಂಗಲ್ ಫೇಸಿಂಗ್ ಪ್ರಿವೆಂಟರ್ ಹಾಕಿಸಿಕೊಳ್ಳಿರಿ ಎಂದು ಹೇಳುತ್ತೇನೆ.

ಈ ತರಬೇತಿಯಲ್ಲಿ ಕೊರತೆ ಇರುವುದು ಸಬ್‌ಮರ್ಸಿಬಲ್, ಅಂದರೆ ನೀರಿನಲ್ಲಿ ಮುಳುಗಿಯೇ ಓಡುವ ಮೋಟಾರಿನ ವಿಷಯದಲ್ಲಿ. ನಮ್ಮ ಕಡೆ ಬೋರಿನೊಳಗೆ ಇಳಿಯುವುದು ಅದೇ ಮೋಟಾರು. ಅದರಲ್ಲಿ ನೀರು ತುಂಬಿರುವುದರಿಂದ ಪ್ಲಾಸ್ಟಿಕ್ ಹೊದಿಕೆಯ ತಂತಿ ಬೇಕು, ಕಟ್ಟುವ ರೀತಿಯೂ ಬೇರೆ. ಇಡೀ ತಂಡಕ್ಕೆ ಒಂದೇ ಇದ್ದುದರಿಂದ ಹೆಚ್ಚಿನವರು ನಿಂತು ನೋಡಿದೆವು, ಕೈ ಹಚ್ಚಲಿಲ್ಲ. ಅದನ್ನು ನಾನು ಆಮೇಲೆ ಗದಗಿನ ಅಂಗಡಿಯೊಂದರಲ್ಲಿ ಎರಡು ತಿಂಗಳು ದುಡಿದು ಕಲಿಯಬೇಕಾಯಿತು. ಇದಕ್ಕಾಗಿಯೇ ಇನ್ನೊಂದು ವಾರ ಸೇರಿಸಬೇಕೆಂದು ನಾನು ಬರೆದುಕೊಟ್ಟು ಬಂದಿದ್ದೇನೆ.

ಸಾಲದ ಹಾದಿಯೂ ಸುಲಭವಿರಲಿಲ್ಲ. ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆಯಲ್ಲಿ ಹಳ್ಳಿಯಲ್ಲಿ ಉದ್ಯೋಗ ಹೂಡುವ ಸಾಮಾನ್ಯ ವರ್ಗದವರಿಗೆ ಶೇಕಡಾ 25, ಮಹಿಳೆಯರೂ ಸೇರಿದಂತೆ ವಿಶೇಷ ವರ್ಗದವರಿಗೆ ಶೇಕಡಾ 35 ಸಹಾಯಧನವಿದೆ ಎಂದು ಸಂಸ್ಥೆಯಲ್ಲಿ ತಿಳಿಸಿ, ಯೋಜನಾ ವರದಿಯನ್ನೂ ಬರೆಸಿದ್ದರು. ಆದರೆ ಬ್ಯಾಂಕಿನ ಶಾಖೆಯೊಂದರಲ್ಲಿ ನಾಲ್ಕು ಸಲ 'ಮುಂದಿನ ವಾರ ಬರ್ರಿ' ಎನಿಸಿಕೊಂಡು ಮರಳಿದೆ. ಐದನೆಯ ಸಲ ತರಬೇತಿ ಸಂಸ್ಥೆಯವರೇ ಜೊತೆಗೆ ಬಂದು ಕುಳಿತ ಮೇಲೆ ಕಾಗದ ಮುಂದಕ್ಕೆ ಹೋಯಿತು. ಉಚಿತ ಊಟಕ್ಕಿಂತ ಇದು ದೊಡ್ಡ ಉಪಕಾರ.

ಸೇರಬೇಕೆನ್ನುವವರು ಹೆಸರು ಬರೆಸುವಾಗಲೇ ಈ ಸಲ ಸಬ್‌ಮರ್ಸಿಬಲ್ ಎಷ್ಟಿವೆ, ಒಂದಕ್ಕೆ ಎಷ್ಟು ಜನ ಎಂದು ಕೇಳಿಕೊಳ್ಳಿರಿ.